ಕಂಠಬಂಧವೂ ಕಾವ್ಯಬಂಧವೂ

೧

ಉಡುಗೆ ತೊಡುಗೆಗಳ ವಿಚಾರವು ಸಾಹಿತ್ಯವಿಮರ್ಶೆಗೆ ಹೊರಗಿನದೆಂದು ಕೆಲವರು ಭಾವಿಸಬಹುದು. ನಮ್ಮ ಪ್ರಾಚೀನ ಲಾಕ್ಷಣಿಕರು ಹಾಗೆ ಭಾವಿಸಿದವರಲ್ಲ. ಕಾವ್ಯದ ಗುಣದೋಷಗಳನ್ನು ವಿವರಿಸಬೇಕಾದಾಗಲೆಲ್ಲ ಅವರು ಮೈಯನ್ನೂ ಮೈಮೇಲಿನ ತೊಡವುಗಳನ್ನೂ ದೃಷ್ಟಾಂತವಾಗಿ ತೆಗೆದುಕೊಂಡರು; 'ಅಲಂಕಾರ'ವೆಂಬ ಶಾಸ್ತ್ರನಾಮವೇ ಅದಕ್ಕೆ ಸಾಕ್ಷಿ. ಹೀಗಿರಲು, ಹೊರನಾಡಿನಿಂದ ಬಂದು ನಮ್ಮವರ ಕೊರಳನ್ನು ಸೇರಿರುವ 'ಟೈ' ಎಂಬ ಬಟ್ಟೆಯ ಪಟ್ಟಿಯನ್ನು ಕಾವ್ಯಮೀಮಾಂಸೆಯ ಬೆಳಕಿನಲ್ಲಿ ನೋಡುವುದೂ, ಆ ಪಟ್ಟಿಯ ಚರಿತ್ರೆಯಿಂದ ನಮ್ಮ ಹೊಸಗನ್ನಡ ಕಾವ್ಯದ ಚರಿತ್ರೆಗೆ ಏನಾದರೂ ತಿಳಿವಳಿಕೆ ದೊರೆಯುವುದೋ ಎಂದು ಪರೀಕ್ಷಿಸುವುದೂ ಅಪ್ರಸ್ತುತವಾಗಲಾರದು.

ಈ ವಿಚಾರಕ್ಕೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯನ್ನು ನೆಲೆಯಾಗಿ ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣಗಳು ಎರಡು. ಮೊದಲನೆಯದಾಗಿ, ಇಂಗ್ಲಿಷಿನ ಕವಿತೆಯನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ; ಸಂಸ್ಕೃತದ ಕಾವ್ಯತತ್ತ್ವಗಳನ್ನು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ (೧೯೫೩) ಕನ್ನಡಿಗರಿಗೆ ತಿಳಿಯಾಗಿ ನಿರೂಪಿಸಿದ ತೀ. ನಂ. ಶ್ರೀಕಂಠಯ್ಯನವರು ೧೯೦೬ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಹೊರಗಿನದನ್ನು ತಂದವರೊಬ್ಬರು, ತಂದುದನ್ನು ಅಳೆಯುವ ಕೋಲನ್ನು ಕೊಟ್ಟವರೊಬ್ಬರು. ಇಬ್ಬರೂ ಒಂದೇ ಸೀಮೆಯವರು. ಎರಡನೆಯದಾಗಿ, ಇದೇ ಸೀಮೆಯ ಪಟ್ಟಣಗಳಲ್ಲಿಯೂ ದೊಡ್ಡ ಹಳ್ಳಿಗಳಲ್ಲಿಯೂ ಇಂದು ಬೆಳಗಾದರೆ ತೆಂಗಿನ ತೋಟಗಳ ನಡುವಣ ದಾರಿಯಲ್ಲಿ ಶಾಲೆಗೆ ಹೊರಡುವ ಅನೇಕ ಮಕ್ಕಳ ಕೊರಳಿನಲ್ಲಿ ಟೈ ಕಾಣುತ್ತದೆ. ಕೊಬ್ಬರಿ ಮಂಡಿಯ ವರ್ತಕನಾಗಲಿ ತೋಟದ ರೈತನಾಗಲಿ ಎಂದೂ ಕಟ್ಟದ ಈ ಪಟ್ಟಿಯನ್ನು ಅವರ ಮಕ್ಕಳು ಐದನೆಯ ವಯಸ್ಸಿಗೇ ಧರಿಸುತ್ತಾರೆ.

ಎರವಲಾಗಿ ಬಂದ ವಸ್ತುವು ಯಾವಾಗ ನಮ್ಮದಾಗುತ್ತದೆ, ಯಾವಾಗ ನಗೆಪಾಟಲಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. ಅದು ಕೊರಳಿಗೆಷ್ಟೋ ಕಾವ್ಯಕ್ಕೂ ಅಷ್ಟೇ ಸಲ್ಲುವ ಪ್ರಶ್ನೆ.

೨

ಟೈಯನ್ನು ಇಂಗ್ಲಿಷರ ಉಡುಗೆಯೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ಚರಿತ್ರೆಯನ್ನು ಶೋಧಿಸಿದರೆ ಈ ಮಾತು ನಿಲ್ಲುವುದಿಲ್ಲ. ಕೊರಳಿಗೆ ಬಟ್ಟೆ ಸುತ್ತುವ ಪದ್ಧತಿ ಬಹಳ ಹಳೆಯದು. ಕ್ರಿ. ಪೂ. ೨೧೦ರಲ್ಲಿ ತೀರಿಕೊಂಡ ಚೀನದ ಚಕ್ರವರ್ತಿ ಛಿನ್ ಷಿ ಹ್ವಾಂಗನ ಸಮಾಧಿಯ ಬಳಿ ೧೯೭೪ರಲ್ಲಿ ದೊರೆತ ಸುಟ್ಟ ಮಣ್ಣಿನ ಯೋಧರ ಕೊರಳುಗಳಲ್ಲಿ ಸುತ್ತುಬಟ್ಟೆಗಳಿವೆ. ಕ್ರಿ. ಶ. ೧೧೩ರಲ್ಲಿ ರೋಮಿನಲ್ಲಿ ನಿಂತ ಟ್ರಾಜನ್ ಚಕ್ರವರ್ತಿಯ ವಿಜಯಸ್ತಂಭದ ಶಿಲ್ಪಗಳಲ್ಲಿಯೂ ಸೈನಿಕರ ಕೊರಳಿನಲ್ಲಿ ಗಂಟು ಹಾಕಿದ ವಸ್ತ್ರವನ್ನು ಕಾಣಬಹುದು. ಆದರೆ ಇವುಗಳಿಂದ ಇಂದಿನ ಟೈಗೆ ಎಡೆಬಿಡದ ಪರಂಪರೆಯೊಂದು ಇಳಿದು ಬಂದಿತೆಂದು ಹೇಳಲಾಗದು. ಇಂದಿನ ಟೈಯ ಪೂರ್ವಜ ಹದಿನೇಳನೆಯ ಶತಮಾನದ 'ಕ್ರವಾತ್'.

೧೬೧೮ರಿಂದ ೧೬೪೮ರ ವರೆಗೆ ಯೂರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಕ್ರೊಯೇಷಿಯದ ಕೂಲಿಯೋಧರು ಫ್ರಾನ್ಸಿನ ಪರವಾಗಿಯೂ ಹೋರಾಡಿದರು. ಅವರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಅರಿವೆ ಫ್ರೆಂಚರ ಕಣ್ಣನ್ನು ಸೆಳೆಯಿತು. ಆ ಜನದ ಹೆಸರೇ ಫ್ರೆಂಚರ ಬಾಯಲ್ಲಿ ಮಾರ್ಪಟ್ಟು ಆ ಅರಿವೆಗೂ ಹೆಸರಾಯಿತು. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಅದು ನವುರಾದ ಕಸೂತಿಯನ್ನು ಪಡೆದು ರಾಜಮರ್ಯಾದೆಗೆ ಏರಿತು. ೧೬೬೦ರಲ್ಲಿ ಇಮ್ಮಡಿ ಚಾರ್ಲ್ಸ್ ದೊರೆ ಪರದೇಶವಾಸದಿಂದ ಮರಳಿ ಸಿಂಹಾಸನವನ್ನೇರಿದ ಮೇಲೆ ಇಂಗ್ಲೆಂಡಿನಲ್ಲಿಯೂ ಬಳಕೆಗೆ ಬಂದಿತು. ಅಂದರೆ, ಸೈನಿಕನ ಅರಿವೆಯನ್ನು ಆಸ್ಥಾನವೂ, ಒಂದು ರಾಷ್ಟ್ರದ ವಸ್ತ್ರವನ್ನು ಮತ್ತೊಂದು ರಾಷ್ಟ್ರವೂ ಎರವಲು ತೆಗೆದುಕೊಂಡವು. ಇಂಗ್ಲಿಷರು ಈ ವಸ್ತುವಿನ ಸೃಷ್ಟಿಕರ್ತರಲ್ಲ. ಎರವಲು ಪಡೆದವರಲ್ಲಿ ಒಬ್ಬರು.

ರೂಪವೂ ಸ್ಥಿರವಾಗಿ ನಿಲ್ಲಲಿಲ್ಲ. ೧೬೯೨ರ ಸ್ಟೀನ್‌ಕರ್ಕ್ ಕಾಳಗದಲ್ಲಿ ಫ್ರೆಂಚ್ ಸೇನಾನಿಗಳು ಹಠಾತ್ತಾಗಿ ಯುದ್ಧಕ್ಕೆ ಏಳಬೇಕಾಗಿ ಬಂದು, ವಸ್ತ್ರವನ್ನು ಒಪ್ಪವಾಗಿ ಕಟ್ಟಲು ಬಿಡುವಿಲ್ಲದೆ ತಿರುಚಿ ಅಂಗಿಯ ಗುಂಡಿಯ ತೂತಿನೊಳಕ್ಕೆ ಸಿಕ್ಕಿಸಿಕೊಂಡರೆಂದು ಹೇಳುವರು. ಆ ಅವಸರದ ರೂಪವೇ ಅನಂತರ ಆ ಊರಿನ ಹೆಸರಿನಿಂದ ಒಂದು ಷೋಕಿಯಾಯಿತು. ಆತುರದಿಂದ ಹುಟ್ಟಿದ್ದನ್ನು ಜನರು ಕನ್ನಡಿಯ ಮುಂದೆ ಸಾವಧಾನವಾಗಿ ಅಭ್ಯಾಸಮಾಡಿದರು! ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಬ್ರಮ್ಮೆಲ್ ಎಂಬ ಷೋಕಿಗಾರನು ಗಂಜಿ ಹಾಕಿದ ಬಿಳಿಯ ವಸ್ತ್ರದ ಮಡಿಕೆಗೆ ಕೀರ್ತಿ ತಂದನು. ಆ ಶತಮಾನದ ಉತ್ತರಾರ್ಧದಲ್ಲಿ ಅಗಲವಾದ ಸುತ್ತುಬಟ್ಟೆ ಸಣ್ಣಗಾಗಿ ಎದೆಯ ಮೇಲೆ ಉದ್ದಕ್ಕೆ ಇಳಿಯಿತು. ೧೯೨೦ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಕಸುಬುದಾರನು ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸಿ ಮೂರು ತುಂಡುಗಳಾಗಿ ಹೊಲಿಯುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಓರೆಯಾಗಿ ಕತ್ತರಿಸಿದ ಬಟ್ಟೆಗೆ ಎಳೆದರೆ ಹಿಗ್ಗಿ ಬಿಟ್ಟರೆ ಹಿಂದಿರುಗುವ ಗುಣವಿದೆ. ಆದಕಾರಣ ದಿನವೂ ಕಟ್ಟಿ ಬಿಚ್ಚಿದರೂ ಟೈ ಸೊಟ್ಟಗಾಗುವುದಿಲ್ಲ. ಇಂದು ನಾವು ಕಾಣುವ ರೂಪ ಇದರಿಂದ ನೆಲೆಗೊಂಡಿತು.

೩

ಇಷ್ಟು ಸಣ್ಣ ವಸ್ತುವಿಗೆ ದೊರೆತ ಪ್ರಶಂಸೆ ಮಾತ್ರ ಸಣ್ಣದಲ್ಲ. ೧೮೧೮ರಲ್ಲಿ ಲಂಡನ್ನಿನಲ್ಲಿ ಕಂಠವಸ್ತ್ರದ ನಾನಾ ಗಂಟುಗಳನ್ನು ಚಿತ್ರಸಹಿತವಾಗಿ ವರ್ಣಿಸುತ್ತಲೇ ಪರಿಹಾಸ್ಯ ಮಾಡುವ ಒಂದು ಕಿರುಹೊತ್ತಗೆ ಹೊರಟಿತು. ೧೮೨೮ರಲ್ಲಿ ಅದೇ ನಗರದಲ್ಲಿ, ಹದಿನಾರು ಪಾಠಗಳಲ್ಲಿ ಮೂವತ್ತೆರಡು ಬಗೆಯ ಕಟ್ಟುಗಳನ್ನು ಕಲಿಸುವ ಗ್ರಂಥ ಪ್ರಕಟವಾಯಿತು. ಶಾಸ್ತ್ರವೂ ವಿಡಂಬನೆಯೂ ಹೀಗೆ ಒಟ್ಟೊಟ್ಟಿಗೆ ಹುಟ್ಟಿದ್ದು ಗಮನಿಸತಕ್ಕ ಅಂಶ. ೧೯೯೯ರಲ್ಲಿ ಕೇಂಬ್ರಿಜ್ಜಿನ ಇಬ್ಬರು ಭೌತವಿಜ್ಞಾನಿಗಳು, ಟಾಮಸ್ ಫಿಂಕ್ ಮತ್ತು ಯಾಂಗ್ ಮಾವ್, ರೂಢಿಯಲ್ಲಿರುವ ಟೈಯನ್ನು ಕಟ್ಟಲು ಸಾಧ್ಯವಾದ ವಿಧಾನಗಳು ಎಂಬತ್ತೈದೆಂದು ಗಣಿತದಿಂದ ಎಣಿಸಿ ತೋರಿಸಿದರು. ನಮ್ಮ ಛಂದಶ್ಶಾಸ್ತ್ರಕಾರರ ಪ್ರಸ್ತಾರಕ್ರಮವನ್ನು ಬಲ್ಲವರಿಗೆ ಈ ಎಣಿಕೆ ಹೊಸತಾಗಿ ತೋರದು. ಇಂತಿಷ್ಟು ಗುರುಲಘುಗಳಿಂದ ಎಷ್ಟು ವೃತ್ತಗಳು ಹುಟ್ಟಬಲ್ಲವೆಂದು ಅವರು ಮೊದಲು ಲೆಕ್ಕ ಹಾಕಿದರು. ಆ ರಾಶಿಯಲ್ಲಿ ಕವಿಗಳ ಕಿವಿಗೆ ಒಪ್ಪಿದ್ದು ಕೆಲವೇ. ಎಂಬತ್ತೈದು ಗಂಟುಗಳಲ್ಲಿಯೂ ಜನರು ನಿತ್ಯ ಕಟ್ಟುವುದು ನಾಲ್ಕಾರು ಮಾತ್ರ. ಸಾಧ್ಯವಾದದ್ದೆಲ್ಲ ಸುಂದರವಲ್ಲ.

ಕ್ರೊಯೇಷಿಯದವರಂತೂ ಇದನ್ನು ರಾಷ್ಟ್ರೀಯ ಉತ್ಸವವನ್ನಾಗಿಯೇ ಮಾಡಿಕೊಂಡಿದ್ದಾರೆ. ೨೦೦೩ನೆಯ ಅಕ್ಟೋಬರ್ ೧೮ರಂದು ಪೂಲಾ ನಗರದ ಪ್ರಾಚೀನ ರೋಮನ್ ಕ್ರೀಡಾಂಗಣದ ಸುತ್ತ ೮೦೮ ಮೀಟರು ಉದ್ದದ ಕೆಂಪು ಟೈಯನ್ನು ಸುತ್ತಿ ಗಂಟು ಹಾಕಿದರು. ೨೦೦೮ರಲ್ಲಿ ಅಲ್ಲಿಯ ಶಾಸನಸಭೆಯು ಆ ದಿನವನ್ನು ಕಂಠವಸ್ತ್ರದ ದಿನವೆಂದು ಗೊತ್ತುಮಾಡಿತು. ಲೋಕಕ್ಕೆಲ್ಲ ತಾವು ಕೊಟ್ಟದ್ದು ಇದೆಂದು ಆ ಸಣ್ಣ ರಾಷ್ಟ್ರ ಹೆಮ್ಮೆ ಪಡುವುದು ಸಹಜ. ಆದರೆ ಈ ಹೆಮ್ಮೆಯ ಒಳಗೊಂದು ಸೂಕ್ಷ್ಮವಿದೆ. ಅವರು ಕೊಟ್ಟದ್ದು ಅರಿವೆಯನ್ನು. ಪಡೆದವರು ಅದನ್ನು ಕಟ್ಟಿದ್ದು ತಮ್ಮ ತಮ್ಮ ರೀತಿಯಲ್ಲಿ. ಪ್ಯಾರಿಸಿನ ಕಸೂತಿಯಾಗಲಿ ಲಂಡನ್ನಿನ ಗಂಜಿಯಾಗಲಿ ನ್ಯೂಯಾರ್ಕಿನ ಓರೆಕತ್ತರಿಯಾಗಲಿ ಕ್ರೊಯೇಷಿಯದ ಯೋಧನಿಗೆ ಗೊತ್ತಿರಲಿಲ್ಲ. ವಸ್ತ್ರ ಎರವಲಾದರೂ ಗಂಟು ಸ್ವಂತವಾಯಿತು.

೪

ಇನ್ನು ಕನ್ನಡದ ಮಾತಿಗೆ ಬರೋಣ. ಮೈಮೇಲೆ ಧರಿಸುವ ಕ್ರಿಯೆಗೆ ನಮ್ಮಲ್ಲಿ ಒಂದೇ ಪದವಿಲ್ಲ. ಸೀರೆ ಪಂಚೆಗಳನ್ನು ಉಡುತ್ತೇವೆ, ಅಂಗಿ ಕುಪ್ಪಸಗಳನ್ನು ತೊಡುತ್ತೇವೆ, ಶಾಲು ಕಂಬಳಿಗಳನ್ನು ಹೊದೆಯುತ್ತೇವೆ, ಹೂವನ್ನು ಮುಡಿಯುತ್ತೇವೆ. ಕಟ್ಟುವುದು ಇವೆಲ್ಲಕ್ಕಿಂತ ಬೇರೆಯಾದ ಕ್ರಿಯೆ. ತಾಳಿಯನ್ನು ಕಟ್ಟುವರು, ಲಿಂಗವನ್ನು ಕಟ್ಟುವರು, ಕಂಕಣವನ್ನು ಕಟ್ಟುವರು, ಗೆಜ್ಜೆಯನ್ನು ಕಟ್ಟುವರು, ಪೇಟವನ್ನು ಕಟ್ಟುವರು. ಅರಸನಿಗೆ ಪಟ್ಟವನ್ನು ಕಟ್ಟುತ್ತಿದ್ದರು. ಹಣೆಗೆ ಬಿಗಿದ ಪಟ್ಟಿಯ ಹೆಸರೇ ದೊರೆತನಕ್ಕೆ ಹೆಸರಾಗಿ ನಿಂತಿತು. ಈ ಎಲ್ಲ ಕಟ್ಟುಗಳಲ್ಲಿಯೂ ಮೈಯನ್ನು ಮುಚ್ಚುವ ಉದ್ದೇಶವಿಲ್ಲ. ಒಂದು ಸಂಬಂಧವನ್ನೋ ವ್ರತವನ್ನೋ ಅಧಿಕಾರವನ್ನೋ ತೋರಿಸುವ ಉದ್ದೇಶವಿದೆ. ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮದುವಣಗಿತ್ತಿಯ ಕೊರಳಿನಲ್ಲಿ ತಾಳಿ, ವೀರಶೈವರ ಕೊರಳಿನಲ್ಲಿ ಶಿವದಾರ, ವೈಷ್ಣವರ ಕೊರಳಿನಲ್ಲಿ ತುಲಸಿಯ ಮಣಿ. ಕೊಟ್ಟಿಗೆಯಲ್ಲಿ ದನದ ಕೊರಳಿಗೆ ಹಗ್ಗದ ಕಣ್ಣಿ. ಮೊದಲ ಮೂರು ಒಪ್ಪಿ ಕಟ್ಟಿಸಿಕೊಂಡವು, ನಾಲ್ಕನೆಯದು ಒಪ್ಪಿಗೆಯಿಲ್ಲದೆ ಬಿದ್ದದ್ದು. ಕಟ್ಟು ಎಂಬ ಒಂದೇ ಮಾತಿನಲ್ಲಿ ದೀಕ್ಷೆಯೂ ಇದೆ, ಬಂಧನವೂ ಇದೆ.

ಟೈಗೆ ಕನ್ನಡಿಗರು ಬಳಸಿದ್ದು ಈ ಕಟ್ಟು ಎಂಬ ಕ್ರಿಯೆಯನ್ನೇ. ಆದರೆ ಅದಕ್ಕೆ ಯಾವ ವ್ರತವೂ ಕಾಣಲಿಲ್ಲವಾದ್ದರಿಂದ ಹಾಸ್ಯಪ್ರಿಯರು 'ಕಂಠಕೌಪೀನ'ವೆಂದು ಒಂದು ಹೆಸರನ್ನಿಟ್ಟರು. ಈ ಹೆಸರನ್ನು ಬರಿಯ ಕುಚೇಷ್ಟೆಯೆಂದು ತಳ್ಳಿಹಾಕಬಾರದು. ಇದರಲ್ಲಿ ಒಂದು ಕಾವ್ಯತತ್ತ್ವವೇ ಅಡಗಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪಾತ್ರಗಳ ವೇಷವನ್ನು ವಿಧಿಸುವಾಗ, ಆಯಾ ದೇಶಕ್ಕೆ ಸಲ್ಲದ ವೇಷವು ಶೋಭೆಯನ್ನು ಹುಟ್ಟಿಸಲಾರದೆಂದೂ, ನಡುವಿಗೆ ಕಟ್ಟುವ ಮೇಖಲೆಯನ್ನು ಎದೆಗೆ ಕಟ್ಟಿದರೆ ನಗೆಗೆ ಮಾತ್ರ ಕಾರಣವಾಗುವುದೆಂದೂ ಹೇಳಿದ್ದಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರಕವಿ ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚೆ'ಯಲ್ಲಿ ಇದೇ ದೃಷ್ಟಾಂತವನ್ನು ವಿಸ್ತರಿಸಿ, ಕೊರಳಿಗೆ ಒಡ್ಯಾಣ, ನಡುವಿಗೆ ಹಾರ, ಕೈಗೆ ಕಾಲಂದಿಗೆ, ಕಾಲಿಗೆ ತೋಳಬಂದಿ ತೊಟ್ಟವರನ್ನು ಕಂಡು ಯಾರು ತಾನೆ ನಗುವುದಿಲ್ಲವೆಂದು ಕೇಳುತ್ತಾನೆ. ನಡುವಿನ ವಸ್ತ್ರ ಕೊರಳಿಗೇರಿತೆನ್ನುವ ನಮ್ಮ ಹಾಸ್ಯಗಾರರ ನುಡಿ ಕ್ಷೇಮೇಂದ್ರನ ಶ್ಲೋಕದ ಭಾವಕ್ಕೆ ಉದಾಹರಣೆಯಂತಿದೆ. ಕನ್ನಡಿಗನು ಟೈಯನ್ನು ಕುರಿತು ಆಡಿದ ವಿಮರ್ಶಾವಾಕ್ಯ ಇದೇ: ಇದು ಸ್ಥಾನ ತಪ್ಪಿದ ಅಲಂಕಾರ.

ಈ ವಾಕ್ಯವನ್ನು ಒಪ್ಪುವ ಮುನ್ನ ಎರಡು ಆಕ್ಷೇಪಗಳನ್ನು ವಿಚಾರಿಸಬೇಕು.

೫

ಮೊದಲನೆಯ ಆಕ್ಷೇಪ ಚರಿತ್ರೆಯಿಂದ ಬರುತ್ತದೆ. ದೇಶಕ್ಕೆ ಸಲ್ಲದ್ದೆಂಬ ಕಾರಣದಿಂದಲೇ ಟೈ ಅನುಚಿತವಾದರೆ ಅದು ಪ್ಯಾರಿಸಿನಲ್ಲಿಯೂ ಲಂಡನ್ನಿನಲ್ಲಿಯೂ ಅನುಚಿತವಾಗಬೇಕಾಗಿತ್ತು. ಅಲ್ಲಿಯೂ ಅದು ಹುಟ್ಟಿದ ವಸ್ತುವಲ್ಲವಷ್ಟೆ. ಆದ್ದರಿಂದ ಭರತನ ಮಾತನ್ನು ಹುಟ್ಟಿದ ಸ್ಥಳಕ್ಕೆ ಅನ್ವಯಿಸದೆ, ನೆಲಸಿದ ಸ್ಥಳಕ್ಕೆ ಅನ್ವಯಿಸಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರವನ್ನು ಅರಿಯದ ಕನ್ನಡಿಗನಿಲ್ಲ. ತಲೆಯ ಮೇಲೆ ಜರಿಯ ಮೈಸೂರು ಪೇಟ, ಕೊರಳಿನಲ್ಲಿ ಟೈ. ಬೆಂಗಳೂರಿನಲ್ಲಿ ನೆಲಸಿದ ಸರ್ ಸಿ. ವಿ. ರಾಮನ್ನರ ಚಿತ್ರದಲ್ಲಿಯೂ ಹೀಗೆಯೇ. ಎರಡೂ ಕಟ್ಟುವ ವಸ್ತ್ರಗಳು. ಒಂದು ನಾಡಿನದು, ಒಂದು ಹೊರಗಿನದು. ಆ ಚಿತ್ರಗಳನ್ನು ನೋಡಿ ಯಾರೂ ನಕ್ಕದ್ದಿಲ್ಲ. ಧರಿಸಿದವರ ಜೀವನದಲ್ಲಿ ಆ ಎರಡು ಲೋಕಗಳೂ ನಿಜವಾಗಿ ಕೂಡಿದ್ದುವಾದ್ದರಿಂದ ಅವರ ಮೈಮೇಲೆ ಕೂಡಿದ್ದೂ ಉಚಿತವಾಗಿಯೇ ಕಂಡಿತು.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದದ್ದು. ಔಚಿತ್ಯವೆಂಬ ಮಾತು ಕಾವ್ಯದಲ್ಲಿ ಎಷ್ಟು ಹಿತವೋ ಸಮಾಜದಲ್ಲಿ ಅಷ್ಟೇ ಅಪಾಯಕರ. ಆಯಾ ಅಂಗಕ್ಕೆ ಆಯಾ ತೊಡವೆಂಬ ನಿಯಮವು ಆಯಾ ಜಾತಿಗೆ ಆಯಾ ಉಡುಗೆಯೆಂಬ ಕಟ್ಟಳೆಯಾಗಿ ಇಳಿದದ್ದು ನಮ್ಮ ಚರಿತ್ರೆ. ದಕ್ಷಿಣ ದೇಶದಲ್ಲಿ ಶೋಷಿತ ಜಾತಿಯವನು ಮೇಲ್ಜಾತಿಯವರ ಎದುರಿನಲ್ಲಿ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಸೊಂಟಕ್ಕೆ ಸುತ್ತಿಕೊಳ್ಳಬೇಕಾಗಿದ್ದ ಕಾಲವಿತ್ತು. ಕೊರಳು ಹೆಗಲುಗಳ ಮೇಲಿರಬೇಕಾದ ಬಟ್ಟೆಯನ್ನು ನಡುವಿಗೆ ಇಳಿಸಿದ ಈ ಕ್ರೂರ ವಿಪರ್ಯಾಸವನ್ನು ಕಂಡು ಯಾವ ರಸಿಕನೂ ನಗಲಿಲ್ಲ. ಅದನ್ನೇ ಉಚಿತವೆಂದು ತಿಳಿದರು. ಇಂತಹ ನಾಡಿನಲ್ಲಿ ಡಾಕ್ಟರ್ ಅಂಬೇಡ್ಕರರು ಕೋಟು ಟೈಗಳನ್ನು ಧರಿಸಿ ನಿಂತರು. ಇಂದು ಕರ್ಣಾಟಕದ ಊರೂರಿನಲ್ಲಿ ಕಾಣುವ ಅವರ ಪ್ರತಿಮೆಗೆ ಕೈಯಲ್ಲಿ ಸಂವಿಧಾನದ ಗ್ರಂಥವೆಷ್ಟು ಅವಶ್ಯವೋ ಕೊರಳಿನಲ್ಲಿ ಟೈಯೂ ಅಷ್ಟೇ ಅವಶ್ಯ. ಅಲ್ಲಿ ಅದು ಷೋಕಿಯಲ್ಲ, ಎರವಲೂ ಅಲ್ಲ. ಹೆಗಲ ಬಟ್ಟೆಯನ್ನು ಇಳಿಸಬೇಕಾಗಿದ್ದ ಜನದ ಒಬ್ಬನು ಯಾರ ಎದುರಿಗೂ ಬಿಚ್ಚದೆ ನಿಂತ ಕಂಠವಸ್ತ್ರ ಅದು. ಪಟ್ಟ, ಕಂಕಣಗಳಲ್ಲಿರುವಂತೆ ಇಲ್ಲಿಯೂ ಕಟ್ಟಿನ ಹಿಂದೆ ಸಂಕಲ್ಪವಿದೆ. ಕಂಠಕೌಪೀನವೆಂಬ ಪರಿಹಾಸ್ಯ ಈ ಕೊರಳಿನ ಹತ್ತಿರ ಸುಳಿಯಲಾರದು.

ಮಹಾತ್ಮ ಗಾಂಧಿಯವರು ನಡೆದ ದಾರಿ ಇದಕ್ಕೆ ವಿರುದ್ಧವಾಗಿ ಕಾಣುತ್ತದೆ. ತತ್ತ್ವ ಮಾತ್ರ ಒಂದೇ. ೧೮೮೮ರಲ್ಲಿ ಲಂಡನ್ನಿಗೆ ಹೋದ ತರುಣ ಗಾಂಧಿಯವರು ಸಿದ್ಧವಾಗಿ ದೊರೆಯುವ ಟೈ ಸಭ್ಯವಲ್ಲವೆಂದು ತಿಳಿದು ಸ್ವತಃ ಕಟ್ಟುವುದನ್ನು ಕಲಿತರೆಂದೂ, ದಿನವೂ ದೊಡ್ಡ ಕನ್ನಡಿಯ ಮುಂದೆ ಅದಕ್ಕಾಗಿ ಹತ್ತು ನಿಮಿಷ ಕಳೆಯುತ್ತಿದ್ದರೆಂದೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ೧೯೨೧ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅವರು ಬಡವರ ತುಂಡುಬಟ್ಟೆಯನ್ನುಟ್ಟು ಉಳಿದುದನ್ನೆಲ್ಲ ಬಿಟ್ಟರು. ಕಟ್ಟಲು ಕಲಿತವರು ಬಿಚ್ಚಿದ್ದರಿಂದ ಆ ತ್ಯಾಗಕ್ಕೆ ಅರ್ಥ ಬಂದಿತು. ಒಬ್ಬರು ಬಿಚ್ಚಿ ತೋರಿಸಿದ್ದನ್ನು ಇನ್ನೊಬ್ಬರು ಕಟ್ಟಿ ತೋರಿಸಿದರು; ಇಬ್ಬರ ನಡತೆಯೂ ಉಚಿತವೇ. ಇದರಿಂದ ಸಿದ್ಧವಾಗುವುದೇನೆಂದರೆ, ಔಚಿತ್ಯವು ವಸ್ತುವಿನಲ್ಲಿ ಇರತಕ್ಕ ಗುಣವಲ್ಲ. ಧರಿಸಿದವನಿಗೂ ಧರಿಸಿದ್ದಕ್ಕೂ ನಡುವೆ ಏರ್ಪಡುವ ಸಂಬಂಧ. ಅನೌಚಿತ್ಯವೊಂದನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಹೇಳಿದ್ದೂ ಸಂಬಂಧದ ದೃಷ್ಟಿಯಿಂದಲೇ. ಕಾವ್ಯಾಂಗಗಳು ಒಂದೊಂದೇ ಆಗಿ ಉಚಿತವೂ ಅಲ್ಲ, ಅನುಚಿತವೂ ಅಲ್ಲ.

೬

ಈ ನಿರ್ಣಯವನ್ನು ಕಾವ್ಯಬಂಧಕ್ಕೆ ಅನ್ವಯಿಸಿ ನೋಡೋಣ. ಕಟ್ಟುವುದೂ ಕವಿತೆಯೂ ನಮ್ಮ ನುಡಿಯಲ್ಲಿ ಹತ್ತಿರದ ನಂಟರು. ಹಾಡನ್ನು ಕಟ್ಟುತ್ತೇವೆ, ಕತೆಯನ್ನು ಕಟ್ಟುತ್ತೇವೆ. ಗ್ರಂಥಿಯೆಂದರೆ ಗಂಟು, ಗ್ರಂಥವೆಂದರೆ ಹೊತ್ತಗೆ, ಎರಡಕ್ಕೂ ಧಾತು ಒಂದೇ. ಕವಿರಾಜಮಾರ್ಗದ ಕಾಲದಿಂದಲೂ ಕನ್ನಡ ಪದ್ಯಕ್ಕೆ ಅತಿಶಯವೆನಿಸಿದ ಕಟ್ಟು ದ್ವಿತೀಯಾಕ್ಷರ ಪ್ರಾಸ. ಪಾದದ ಮೊದಲ ಅಕ್ಷರ ತಲೆಯಾದರೆ ಎರಡನೆಯದು ಕೊರಳು. ಪ್ರತಿಯೊಂದು ಪಾದದ ಕೊರಳಿಗೂ ಒಂದೇ ಗಂಟು. ಸಾವಿರ ವರ್ಷ ಈ ಗಂಟಿಲ್ಲದೆ ಕನ್ನಡ ಪದ್ಯ ಸಭೆಗೆ ಬರಲಿಲ್ಲವೆಂದರೆ ತಪ್ಪಾಗದು. ೧೯೧೧ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಇದನ್ನು ಬಿಚ್ಚಿದರು. ಕಟ್ಟಲು ಬಾರದೆ ಬಿಚ್ಚಿದವರಲ್ಲ ಅವರು. ಆದ್ದರಿಂದಲೇ ಅದು ಶೈಥಿಲ್ಯವೆನಿಸದೆ ಬಿಡುಗಡೆಯೆನಿಸಿತು. ಮಧುರೆಯ ದೃಷ್ಟಾಂತ ಇಲ್ಲಿಗೂ ಸಲ್ಲುತ್ತದೆ.

ಬಿಚ್ಚಿದ ಕೊರಳಿಗೆ ಹೊಸ ಕಟ್ಟನ್ನು ತಂದವರು ಶ್ರೀಕಂಠಯ್ಯನವರು. ಅವರ 'ಇಂಗ್ಲಿಷ್ ಗೀತಗಳು' (೧೯೨೬) ಎಂಬ ಸಂಗ್ರಹವು ಹೊರಗಿನ ವಸ್ತ್ರವೆಂಬುದನ್ನು ಹೆಸರಿನಲ್ಲಿಯೇ ಮರೆಮಾಜದೆ ಹೇಳುತ್ತದೆ. ಆದರೆ ಅದರ ಬಂಧವನ್ನು ಪರೀಕ್ಷಿಸಿದರೆ ಬೇರೆಯ ಸಂಗತಿ ಹೊರಪಡುತ್ತದೆ. ಇಂಗ್ಲಿಷಿನ ಛಂದಸ್ಸು ನಿಂತಿರುವುದು ಉಚ್ಚಾರಣೆಯ ಊರಿನ ಮೇಲೆ. ಅದನ್ನು ಹಾಗೆಯೇ ಕನ್ನಡಕ್ಕೆ ತೊಡಿಸಲು ಅವರು ಯತ್ನಿಸಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ನಮ್ಮ ದೇಶೀಯ ಗಣಗಳನ್ನೇ ತೆಗೆದುಕೊಂಡು, ಅವುಗಳ ಜೋಡಣೆಯಿಂದ ಹೊಸ ಪದ್ಯರೂಪಗಳನ್ನು ಹೊಸೆದರು. ಆದಿಯ ಪ್ರಾಸವನ್ನು ಸಡಿಲಿಸಿ ಅಂತ್ಯಪ್ರಾಸಕ್ಕೆ ಎಡೆಗೊಟ್ಟರು. ಕ್ಯಾಂಬೆಲ್ ಕವಿಯ ಸ್ಕಾಟ್ಲೆಂಡಿನ ಪ್ರಭು ಕಾರಿ ಹೆಗ್ಗಡೆಯಾದನು. ಅವನ ಮಗಳ ದುರಂತವು ನಮ್ಮ ಕಡಲ ಕರೆಯದಾ­ಯಿತು. ನಾರು ನಮ್ಮದು, ಹುರಿಯ ಸುತ್ತು ಹೊಸದು. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂದು ಕವಿರಾಜಮಾರ್ಗಕಾರನು ಹೊಂದದ ಸಮಾಸಗಳನ್ನು ಹಳಿದಿದ್ದಾನಷ್ಟೆ. ಈ ಗೀತಗಳಲ್ಲಿ ಹಾಲು ಒಡೆಯಲಿಲ್ಲ.

ಆದರೆ ಶ್ರೀಯವರ ಎಲ್ಲ ಕಟ್ಟುಗಳೂ ಒಂದೇ ಬಗೆಯವಲ್ಲ. ಗ್ರೀಕ್ ನಾಟಕಗಳಿಂದ ಅವರು ತಂದ ಎರಡನ್ನು ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. 'ಪಾರಸಿಕರು' (೧೯೩೫) ಎಂಬುದರಲ್ಲಿ ಏಸ್ಕಿಲಸನ ನಾಟಕದ ದೇಶ, ಜನ, ಹೆಸರುಗಳನ್ನು ಹಾಗೆಯೇ ಉಳಿಸಿದ್ದಾರೆ. ಪರದೇಶದ ವೇಷವನ್ನು ಪರದೇಶದವರ ಮೈಮೇಲೆಯೇ ತೋರಿಸಿರುವುದರಿಂದ ಔಚಿತ್ಯಕ್ಕೆ ಧಕ್ಕೆಯಿಲ್ಲ. 'ಅಶ್ವತ್ಥಾಮನ್' (೧೯೨೯) ಎಂಬುದರಲ್ಲಿ ಸೊಫೊಕ್ಲಿಸನ ಏಜಾಕ್ಸ್ ವೀರನ ಕಥೆಯನ್ನು ಭಾರತದ ಅಶ್ವತ್ಥಾಮನಿಗೆ ತೊಡಿಸಿದ್ದಾರೆ. ಅದರ ಭಾಷೆಯ ಗಾಂಭೀರ್ಯ, ಮಾನಭಂಗದಿಂದ ಬೆಂದ ವೀರನ ಅಳಲು, ಇವು ಕನ್ನಡದಲ್ಲಿ ಹೊಸ ರಸಾನುಭವವನ್ನು ತಂದುವೆಂಬುದು ನಿರ್ವಿವಾದ. ಆದರೆ ಏಜಾಕ್ಸನು ತನ್ನ ಕತ್ತಿಗೆ ತಾನೇ ಬೀಳುವನು. ಅಶ್ವತ್ಥಾಮನಾದರೋ ಚಿರಂಜೀವಿಗಳಲ್ಲಿ ಒಬ್ಬನೆಂದು ನಮ್ಮ ಜನದ ನಂಬಿಕೆ. ಸಾವಿಲ್ಲದವನನ್ನು ಸಾಯಿಸುವ ಈ ದುರಂತವನ್ನು ಓದುವಾಗ ಸಹೃದಯನ ಮನಸ್ಸು ಒಂದು ಗಳಿಗೆ ಹಿಂದೆಗೆಯುತ್ತದೆ. ಗಂಟು ಸೊಗಸಾಗಿದೆ, ಕೊರಳೂ ಘನವಾದದ್ದೇ. ಒಂದು ಇನ್ನೊಂದಕ್ಕೆ ಪೂರ್ತಿ ಕೂಡಲಿಲ್ಲ. ಕಾರಿ ಹೆಗ್ಗಡೆಗೆ ಹಿಂದಿನ ಕಥೆಯೊಂದು ಇರಲಿಲ್ಲವಾದ್ದರಿಂದ ಹೊಸ ಕಥೆ ಅವನಿಗೆ ಒಪ್ಪಿತು. ಅಶ್ವತ್ಥಾಮನ ಕೊರಳಿನಲ್ಲಿ ವ್ಯಾಸರು ಕಟ್ಟಿದ್ದ ಗಂಟು ಮೊದಲೇ ಇತ್ತು. ಎರವಲು ತಂದದ್ದು ಇಲ್ಲಿನ ದೋಷವಲ್ಲ. ಪಡೆಯುವವನ ಪೂರ್ವಚರಿತ್ರೆಯನ್ನು ಮೀರಿದ್ದು ದೋಷ. ಇದನ್ನು ಅಳೆಯುವ ಮಾನದಂಡವನ್ನು ತೀರ್ಥಪುರದ ವಿದ್ವಾಂಸರು ತಮ್ಮ ಗ್ರಂಥದ ಔಚಿತ್ಯಪ್ರಕರಣದಲ್ಲಿ ನಮಗೆ ತಿಳಿಯಪಡಿಸಿರುವುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯತಕ್ಕದ್ದು.

ಇನ್ನೊಂದು ದೃಷ್ಟಾಂತವನ್ನೂ ನೆನೆಯಬಹುದು. ೧೯೨೪ರಲ್ಲಿ ಖಾದಿಯುಟ್ಟ ತರುಣನೊಬ್ಬನು ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಎಂಬವರಿಗೆ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದನು. ನಿನ್ನ ಭಾಷೆಯಲ್ಲಿ ಬರೆ ಎಂದು ಅವರು ಹೇಳಿದರು. ಆ ತರುಣನೇ ಕುವೆಂಪು. ಮೈಮೇಲೆ ಸ್ವದೇಶಿಯೂ ಮಾತಿನಲ್ಲಿ ಪರದೇಶಿಯೂ ಆಗಿದ್ದ ಆ ಗಳಿಗೆಯು ಉಡುಗೆಯೊಂದರಿಂದಲೇ ಸ್ವಂತಿಕೆಯನ್ನು ಅಳೆಯಬಾರದೆಂಬುದಕ್ಕೆ ಸಾಕ್ಷಿ. ಖಾದಿಯುಟ್ಟ ಕವಿತೆ ಟೈ ಕಟ್ಟಿರಬಹುದು, ಟೈ ಕಟ್ಟಿದವನ ಕವಿತೆ ಅಚ್ಚಗನ್ನಡದ್ದಾಗಿರಬಹುದು.

೭

ಇಷ್ಟು ವಿಚಾರದ ಬಳಿಕ ತೆಂಗಿನ ಸೀಮೆಯ ಶಾಲೆಯ ಮಕ್ಕಳ ಕಡೆಗೆ ತಿರುಗೋಣ. ಆ ಮಕ್ಕಳ ಟೈಯನ್ನು ಪರದೇಶದ್ದೆಂದು ಹಳಿಯಲು ನಮಗೆ ಕಾರಣವಿಲ್ಲ. ಮಗನೋ ಮಗಳೋ ಟೈ ಕಟ್ಟಿ ಶಾಲೆಗೆ ಹೋಗುವುದನ್ನು ನೋಡಿ ಬಾಗಿಲಲ್ಲಿ ನಿಂತು ಹಿಗ್ಗುವ ತಾಯಿಯ ಆಸೆಯಲ್ಲಿ ಅನುಚಿತವಾದದ್ದೇನೂ ಇಲ್ಲ. ಆ ಹಿಗ್ಗಿನ ಹಿಂದೆ ಎಷ್ಟೋ ಮನೆಗಳ ತಲೆಮಾರುಗಳ ಅಪಮಾನವಿರಬಹುದೆಂಬುದನ್ನು ಮೇಲೆ ಕಂಡಿದ್ದೇವೆ. ವಿಚಾರಿಸಬೇಕಾದ ಅಂಶ ಬೇರೊಂದಿದೆ. ಸಾಮಾನ್ಯವಾಗಿ ಆ ಟೈಯ ಗಂಟು ಅಂಗಡಿಯಲ್ಲಿಯೇ ಹಾಕಿದ್ದು. ಹಿಂದೆ ಒಂದು ಎಲಾಸ್ಟಿಕ್ ಪಟ್ಟಿ. ತಲೆಯ ಮೇಲಿಂದ ಇಳಿಸಿದರಾಯಿತು. ಕಟ್ಟು ಎಂಬ ಕ್ರಿಯಾಪದಕ್ಕೆ ಅಲ್ಲಿ ಕೆಲಸವೇ ಇಲ್ಲ. ವರ್ಷಗಟ್ಟಲೆ ಟೈ ಧರಿಸಿ ಶಾಲೆ ಮುಗಿಸಿದ ಹುಡುಗನಿಗೆ ಅದನ್ನು ಕಟ್ಟುವ ಬಗೆ ಗೊತ್ತಿರುವುದಿಲ್ಲ. ಕಟ್ಟಲಾರದವನು ಗಾಂಧಿಯವರಂತೆ ಬಿಚ್ಚಲಾರನು, ಅಂಬೇಡ್ಕರರಂತೆ ಸಂಕಲ್ಪಪೂರ್ವಕವಾಗಿ ಧರಿಸಲಾರನು. ಒಪ್ಪಿ ಕಟ್ಟಿಕೊಂಡದ್ದಕ್ಕೂ ಹೊರಗಿನಿಂದ ಕೊರಳಿಗೆ ಬಿದ್ದದ್ದಕ್ಕೂ ಇರುವ ಅಂತರವನ್ನು ನಮ್ಮ ಸೀಮೆಯ ಕೊಟ್ಟಿಗೆಯೇ ಕಲಿಸುತ್ತದೆ.

ಇದನ್ನು ಸಾಹಿತ್ಯದ ಅಧ್ಯಾಪಕರಾದವರು ತಮ್ಮ ತರಗತಿಗೂ ಅನ್ವಯಿಸಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಪಶ್ಚಿಮದಿಂದ ಬಂದ ವಿಮರ್ಶೆಯ ಪರಿಭಾಷೆ ಇಂದು ಹೇರಳವಾಗಿದೆ. ಸಂಸ್ಕೃತದಿಂದ ಬಂದದ್ದೂ ಉಂಟು. ಎರಡೂ ನಮಗೆ ಬೇಕು. ಆದರೆ ವಿದ್ಯಾರ್ಥಿಯು ಪದ್ಯವನ್ನು ಓದುವ ಮೊದಲೇ ಪದ್ಯದ ಗುಣದೋಷಗಳನ್ನು ಮಾರ್ಗದರ್ಶಿ ಪುಸ್ತಕದಿಂದ ಬಾಯಿಪಾಠ ಮಾಡುತ್ತಾನೆ; 'ಧ್ವನಿಪೂರ್ಣ', 'ಸಂಕೀರ್ಣ', 'ವ್ಯವಸ್ಥೆಯ ವಿರುದ್ಧ ದನಿ' ಎಂಬ ಮಾತುಗಳು ಪ್ರತಿಯೊಂದು ಕೃತಿಯ ಕೊರಳಿಗೂ ಅದೇ ಗಾತ್ರದಲ್ಲಿ ಬೀಳುತ್ತವೆ. ಇವು ಎಲಾಸ್ಟಿಕ್ಕಿನ ವಿಮರ್ಶೆಗಳು. ಇವುಗಳ ದೋಷ ಹೊರಗಿನಿಂದ ಬಂದದ್ದರಲ್ಲಿ ಇಲ್ಲ. ಇವನ್ನು ಯಾರೂ ಕಟ್ಟಲಿಲ್ಲವೆಂಬುದರಲ್ಲಿ ಇದೆ. ಒಂದು ಪದ್ಯದ ಲಯವನ್ನು ತಾನೇ ಎಣಿಸಿ, ಒಂದು ಪದ ಏಕೆ ಅಲ್ಲಿಯೇ ನಿಂತಿತೆಂದು ತಾನೇ ಕೇಳಿಕೊಂಡು, ತಪ್ಪಾದರೂ ಸರಿಯೆ, ಒಂದು ವಾಕ್ಯವನ್ನು ತಾನಾಗಿ ಬರೆದ ವಿದ್ಯಾರ್ಥಿಯ ಗಂಟು ಸೊಟ್ಟಗಿದ್ದರೂ ಅವನದೇ. ಬ್ರಮ್ಮೆಲನ ಆಳು ಬೆಳಿಗ್ಗೆ ಮಡಿಕೆ ಕೆಟ್ಟ ಬಟ್ಟೆಗಳ ಹೊರೆಯನ್ನೇ ಹೊತ್ತು ಇಳಿಯುತ್ತ, ಇವೆಲ್ಲ ನಮ್ಮ ಸೋಲುಗಳೆಂದು ಹೇಳುತ್ತಿದ್ದನೆಂಬ ಕಥೆಯಿದೆ. ಷೋಕಿಗಾರನಿಗೇ ಅಷ್ಟು ತಾಳ್ಮೆಯಿದ್ದರೆ ಕಾವ್ಯವನ್ನು ಓದುವವನಿಗೆ ಎಷ್ಟಿರಬೇಡ?

ಕೊನೆಯಲ್ಲಿ ಒಂದು ಸಂಗತಿಯನ್ನು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ನ್ಯೂಮನ್ನನು ೧೮೩೩ರಲ್ಲಿ ರಚಿಸಿದ ಇಂಗ್ಲಿಷ್ ಪ್ರಾರ್ಥನೆಯೊಂದನ್ನು ಶ್ರೀಯವರು 'ಕರುಣಾಳು ಬಾ ಬೆಳಕೆ' ಎಂದು ಕನ್ನಡಕ್ಕೆ ತಂದರು. ಅದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳು ಬೆಳಗಿನ ಪ್ರಾರ್ಥನೆಯಾಗಿ ಹಾಡುತ್ತ ಬಂದಿದ್ದಾರೆ. ಅದು ಇನ್ನೊಂದು ಭಾಷೆಯಿಂದ, ಇನ್ನೊಂದು ಮತದವನ ಬಾಯಿಂದ ಬಂದದ್ದೆಂದು ಹಾಡುವವರಿಗೆ ತೋರುವುದೇ ಇಲ್ಲ. ಅದೇ ಕೊರಳಿನ ಮೇಲೆ ಟೈ, ಅದೇ ಕೊರಳಿನ ಒಳಗೆ ಈ ಹಾಡು. ಎರಡೂ ಇಂಗ್ಲಿಷಿನ ಮೂಲಕವೇ ಬಂದುವು. ಮೊದಲನೆಯದನ್ನು ಮಗು ಸಂಜೆ ಗೂಟಕ್ಕೆ ತೂಗುಹಾಕುತ್ತದೆ. ಎರಡನೆಯದು ಕೊರಳಿನಲ್ಲಿಯೇ ಉಳಿಯುತ್ತದೆ. ಸಂಪಿಗೆಯಲ್ಲಿ ಹುಟ್ಟಿದ ಕವಿಯೊಬ್ಬರು ಅದನ್ನು ತಮ್ಮ ಕೈಯಿಂದ ಕಟ್ಟಿದರೆಂಬುದೇ ಈ ಭೇದಕ್ಕೆ ಕಾರಣ.